ಬಡಿಯದೇ ಬಿಟ್ಟ ಮೂರು ಪೆಟ್ಟು

ಗುಂಡಿಗೆ ಇಳಿಯುವ ಮುಂಚೆ ಮಲೀಕಸಾಬ ಅಂಗಿ ಬಿಚ್ಚಿ ಜಾಲಿಗಿಡಕ್ಕೆ ತೂಗುಹಾಕುತ್ತಿದ್ದ. ತಿರುಗಿ ಮನೆಗೆ ಹೋಗುವಾಗ ಮೈಮೇಲೆ ಒಣಗಿದ್ದು ಏನಾದರೂ ಇರಬೇಕಲ್ಲ! ಕಬ್ಬಿಣದ ನಿಚ್ಚಣಿಕೆಯ ಮೇಲಿನ ಮೆಟ್ಟಿಲುಗಳು ತುಕ್ಕು ಹಿಡಿದು ಉದುರಿ ಯಾವ ಕಾಲವಾಯಿತೋ. ಅಂಚಿಗೆ ಕುಂತು, ಕಾಲು ಇಳಿಬಿಟ್ಟು, ಉಳಿದ ಮೆಟ್ಟಿಲು ಎಲ್ಲಿದೆ ಅಂತ ಹೆಬ್ಬೆರಳಿನಿಂದ ತಡವಬೇಕು. ಕೆಳಗೆ ಎದೆಮಟ್ಟ ಕೆಸರುನೀರು. ಅದರಲ್ಲಿ ಹೊಳೆಯ ಕಳೆ, ಪ್ಲಾಸ್ಟಿಕ್ ಚೀಲ, ಒಮ್ಮೊಮ್ಮೆ ಸತ್ತ ಹಾವು. ನೀರು ಹೋಗುವ ದೊಡ್ಡ ಪೈಪಿಗೆ ಅಲ್ಲಿ ಕಸ ತಡೆಯುವ ಒಂದು ಜಾಳಿಗೆಯ ಪೆಟ್ಟಿಗೆ ಕೂಡಿಸಿದ್ದರು. ದಿನಾ ಅದರ ಮುಚ್ಚಳ ಬಿಚ್ಚಿ, ತೋಳು ಒಳಗೆ ಹಾಕಿ, ಸಿಕ್ಕ ಹೊಲಸನ್ನೆಲ್ಲ ಜಗ್ಗಿ ತೆಗೆದರೆ ಮಾತ್ರ ಗುಡ್ಡದ ಮೇಲಿನ ಟಾಕಿಗೆ ನೀರು ಏರುತ್ತಿತ್ತು. ಕೈಗವಸು ಕೊಡಿಸ್ರಿ ಅಂತ ಆಳುಗಳು ಬಾಯಿ ನೋಯುವಷ್ಟು ಕೇಳಿದ್ದರು. ಗುತ್ತಿಗೆ ಆಳಿಗೆ ಕೈಗವಸು ಎಲ್ಲಿಂದ ಬರಬೇಕು? ಕೈಯೇ ಗುತ್ತಿಗೆಯದು.

ಈಗ ಆ ಮಲೀಕಸಾಬ ನವನಗರದ ಒಂದು ದವಾಖಾನೆಯಲ್ಲಿ ಅಂಗಾತ ಬಿದ್ದಿದ್ದಾನೆ. ಸೊಂಟದ ಕೆಳಗೆ ಅವನಿಗೆ ಅರಿವಿಲ್ಲ. ಅವನನ್ನು ನೋಡಲು ಹೋಗಬೇಕಾದ ಗೆಳೆಯ ಅಮಾತೆಪ್ಪ ಮಾತ್ರ ಕಮತಗಿಯ ಬಸ್ ಸ್ಟ್ಯಾಂಡಿಗೆ ಬಂದು, ಒಂದರ ಹಿಂದೆ ಒಂದು ಬಸ್ಸು ಬಿಟ್ಟು, ಕಟ್ಟೆಯ ಮೇಲೆ ಕೂತೇ ಇದ್ದಾನೆ. ಹೊಟ್ಟೆಯಲ್ಲಿ ಅಂಥದ್ದೊಂದು ಗುಟ್ಟು ಇಟ್ಟುಕೊಂಡವನು ಯಾವ ಮುಖ ಹೊತ್ತು ಹೋಗಬೇಕು, ಹೇಳಿ.

ಅಮಾತೆಪ್ಪ ಹೊಳೆದಂಡೆಯ ಪಂಪ್‌ಹೌಸಿನ ಆಪರೇಟರ. ಹೆಸರಿಗೆ ಆಪರೇಟರ, ಪಗಾರಕ್ಕೆ ಅವನೂ ಗುತ್ತಿಗೆ ಆಳೇ. ಸುತ್ತಿನ ಹಳ್ಳಿಗಳಿಗೆ ಕುಡಿಯುವ ನೀರು ಅಲ್ಲಿಂದಲೇ ಹೋಗಬೇಕು. ಮೋಟರು ಚಾಲೂ ಮಾಡಲು, ಟಾಕಿಯ ಮಟ್ಟ ನೋಡಲು ಒಂದು ಹಳೇ ಕಂಪ್ಯೂಟರ್ ಇತ್ತು. ಹಳದಿಗೆ ತಿರುಗಿದ ಡಬ್ಬಿ, ಕರೀ ಪರದೆ, ಬಿಳೀ ಅಕ್ಷರ. ಅಮಾತೆಪ್ಪ ದಿನಾ ಅದಕ್ಕೆ ವಿಭೂತಿ ಹಚ್ಚಿ, ಅಮಾಸಿಗೊಮ್ಮೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದ. ಗುಂಡಿ ಇದ್ದದ್ದು ಪಂಪ್‌ಹೌಸಿನಿಂದ ಒಂದು ಕೂಗಳತೆಗಿಂತ ಆಚೆ, ಗುಡ್ಡದ ಬುಡಕ್ಕೆ. ಅಲ್ಲಿ ಮಲೀಕಸಾಬ. ಗುಂಡಿಯೊಳಗೆ ಮೊಬೈಲಿಗೆ ರೇಂಜ್ ಸಿಗುವುದಿಲ್ಲ. ಹೀಗಾಗಿ ಇಬ್ಬರೂ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮೋಟರು ಬಿಡುವ ಮುಂಚೆ ಅಮಾತೆಪ್ಪ ಹೊರಗೆ ಬಂದು, ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿಯಿಂದ ಪೈಪಿಗೆ ಮೂರು ಪೆಟ್ಟು ಬಡಿಯಬೇಕು. ನೀರು ಬಿಡಲೇನು ಅಂತ ಅದರ ಅರ್ಥ. ಆ ಕಡೆಯಿಂದ ಎರಡು ಪೆಟ್ಟು ಬಂದರೆ ಬಿಡು ಅಂತ. ಒಂದೇ ಬಂದರೆ, ನಿಲ್ಲು, ನಾನಿನ್ನೂ ಒಳಗಿದ್ದೇನೆ ಅಂತ. ಏನೂ ಬರದಿದ್ದರೆ ಬಿಡುವ ಮಾತೇ ಇಲ್ಲ.

ಆ ಹಳೇ ಸಾಫ್ಟ್‌ವೇರ್ ಬರೆದವನು ಗದಗಿನ ಕಡೆಯ ಒಬ್ಬ ಪುಣ್ಯಾತ್ಮ. ಪಂಪ್‌ಹೌಸಿನಲ್ಲೇ ಚಾಪೆ ಹಾಸಿ ಮಲಗಿ, ಇವರು ಬಡಿಯುವುದನ್ನು ಕಣ್ಣಾರೆ ಕಂಡು, ಅದಕ್ಕೊಂದು ಜಾಗ ಮಾಡಿಕೊಟ್ಟಿದ್ದ. ಚಾಲೂ ಅಂತ ಒತ್ತಿದರೆ ಪರದೆಯ ಮೇಲೆ 'ವೇಟ್' ಅಂತ ಬಂದು ನಿಲ್ಲುತ್ತಿತ್ತು. ಇನ್ನೊಮ್ಮೆ ಒತ್ತುವ ತನಕ ಮೋಟರು ಕದಲುತ್ತಿರಲಿಲ್ಲ. "ಪೆಟ್ಟಿಗೆ ಪೆಟ್ಟು ಬಂದ ಮ್ಯಾಲೆ ಒತ್ತಪಾ ಅಮಾತೆಪ್ಪ" ಅಂದು ಹೋಗಿದ್ದ. ಎಲ್ಲೂ ಬರೆದಿಡಲಿಲ್ಲ. ಬರೆಯುವುದೇನು, ಅಮಾತೆಪ್ಪ ಇದ್ದಾನಲ್ಲ ಅಂದುಕೊಂಡನೋ ಏನೋ.

ಆಮೇಲೆ ಹೊಸ ಕಂಪನಿ ಬಂತು. ಹಳೇ ಸಾಫ್ಟ್‌ವೇರ್ ತೆಗೆದು ಹೊಸದು ಕೂಡಿಸುವ ಗುತ್ತಿಗೆ ಅವರದು. ಬೆಂಗಳೂರಿನಿಂದ ಒಬ್ಬ ಮ್ಯಾನೇಜರ, ನವನಗರದ ಹುಡುಗ ವಿಜಯಮಹಾಂತೇಶ ಎಂಜಿನಿಯರು, ಲ್ಯಾಪ್‌ಟಾಪು ಹಿಡಿದ ಇನ್ನೂ ಒಂದಿಷ್ಟು ಜನ. ಕರಾರಿನಲ್ಲಿ ಒಂದು ಮಾತು ಗಟ್ಟಿಯಾಗಿತ್ತು: ಒಂದು ದಿನವೂ ನೀರು ನಿಲ್ಲಬಾರದು. ಮ್ಯಾನೇಜರ ಬಂದ ದಿನವೇ ಹೇಳಿದ: "ನೋಡಿ, ಊರಿಗೆ ಗೊತ್ತೇ ಆಗಬಾರದು. ಹಳೆಯದು ಹೋಗಿ ಹೊಸದು ಬಂತು ಅನ್ನೋದು ನಲ್ಲಿ ಮುಂದೆ ಕೊಡ ಹಿಡಿದ ಹೆಂಗಸಿಗೆ ಗೊತ್ತಾಗಬಾರದು."

ಅವರು ಒಳಗೆ ಬಂದವರೇ ಕಂಪ್ಯೂಟರಿನ ವಿಭೂತಿ ನೋಡಿ ನಕ್ಕರು. ನಿಂಬೆಹಣ್ಣಿನ ಫೋಟೋ ಹೊಡೆದುಕೊಂಡು ಯಾರಿಗೋ ಕಳಿಸಿದರು. ಅಮಾತೆಪ್ಪನ ಕಿವಿಯ ಬುಡ ಬಿಸಿಯಾಯಿತು. ಅದಾದ ಮೇಲೆ ಮೇಜಿನ ಸುತ್ತ ಕೂತು, ಹಳೇ ಸಾಫ್ಟ್‌ವೇರ್ ಏನೇನು ಮಾಡುತ್ತದೆ ಅಂತ ಒಂದೊಂದಾಗಿ ಕೇಳತೊಡಗಿದರು. ಅಮಾತೆಪ್ಪನಿಗೂ ಒಂದು ಕುರ್ಚಿ ಕೊಟ್ಟಿದ್ದರು. ಅಷ್ಟೂ ವರ್ಷದಲ್ಲಿ ಸಾಹೇಬರ ಸರಿಸಮ ಅವನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

"ಇಲ್ಲಿ ವೇಟ್ ಅಂತ ನಿಲ್ಲುತ್ತಲ್ಲ, ಯಾಕೆ?" ಅಂತ ಮ್ಯಾನೇಜರ ಕೇಳಿದ.

ಅಮಾತೆಪ್ಪನ ಬಾಯಿಗೆ ಮಾತು ಬಂದೇ ಬಿಟ್ಟಿತ್ತು. ಆದರೆ ಹೇಗೆ ಹೇಳುವುದು? ಇಷ್ಟು ಕಲಿತವರ ಮುಂದೆ, ನಾವು ಸಣ್ಣ ಹುಡುಗರ ಹಾಗೆ ಪೈಪು ಬಡಿದು ಮಾತಾಡುತ್ತೇವೆ ಅನ್ನುವುದೇ? ನಿಂಬೆಹಣ್ಣಿಗೇ ಹಾಗೆ ನಕ್ಕವರು ಇದಕ್ಕೆ ಬಿದ್ದು ಬಿದ್ದು ನಕ್ಕಾರು. ಅವನಿಗೆ ನಾಚಿಕೆಯಾಯಿತು. ತನ್ನ ಕೆಲಸದ ಬಗ್ಗೆಯೇ ನಾಚಿಕೆ!

"ಏನಿಲ್ರಿ ಸಾಹೇಬ್ರ" ಅಂದ. "ಮಷೀನ ಮುದುಕಾಗೈತಿ. ನಡುವ ಸ್ವಲ್ಪ ದಮ್ಮು ತಗೋತೈತಿ."

ಎಲ್ಲರೂ ನಕ್ಕರು. ಅವನೂ ನಕ್ಕ. "ಹೊಸದರಲ್ಲಿ ಈ ದಮ್ಮು ಬೇಡ ಬಿಡಿ" ಅಂದ ಮ್ಯಾನೇಜರ. ಅಲ್ಲಿಗೆ ಆ ಮಾತು ಮುಗಿಯಿತು.

ಸಂಜೆ ಮಲೀಕಸಾಬ ತಲೆಯ ಕೆಸರು ತೊಳೆದುಕೊಳ್ಳುತ್ತ ಕೇಳಿದ: "ಲೇ ಅಮಾತ್ಯಾ, ನಮ್ಮ ಬಡಿಯೂ ಸುದ್ದಿ ಹೇಳೀಯೇನಲೇ ಅವರಿಗೆ?"

"ಹೇಳೇನಿ."

"ಏನಂದ್ರು?"

"ಹೊಸದರಾಗ ಹಾಕ್ತಾರಂತ."

ಸುಳ್ಳು ಹೇಳಲು ಅವನು ಮೊದಲೇ ಸಿದ್ಧನಾಗಿರಲಿಲ್ಲ. ಆದರೆ ಕೇಳಿದವನು ಗೆಳೆಯ, ಇಲ್ಲ ಅಂದರೆ ಯಾಕೆ ಇಲ್ಲ ಅನ್ನುತ್ತಾನೆ, ಆಗ ಆ ನಗುವಿನ ಕತೆಯನ್ನೂ ಹೇಳಬೇಕು. ಮಲೀಕಸಾಬ "ಛಲೋ ಆತು ಬಿಡು" ಅಂದು ಬೀಡಿ ಹಚ್ಚಿದ. ನಾಳೆ ಎಂಜಿನಿಯರು ಒಬ್ಬನೇ ಸಿಕ್ಕಾಗ ಹೇಳಿದರಾಯಿತು ಅಂತ ಅಮಾತೆಪ್ಪ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ನಾಳೆ ಅನ್ನುವವನ ಮನೆ ಹಾಳು ಅನ್ನುತ್ತಾರಲ್ಲ, ಇಲ್ಲಿ ಹಾಳಾದದ್ದು ಇನ್ನೊಬ್ಬನ ಮನೆ.

ಕೆಲವು ತಿಂಗಳು ಹಳೆಯದು ಹೊಸದು ಎರಡೂ ಜೋಡಿಯಾಗಿ ನಡೆದವು. ಮೋಟರು ಬಿಡುವುದು ಹಳೆಯದೇ. ಹೊಸದು ಪಕ್ಕದಲ್ಲಿ ಕೂತು ನೋಡಿ ಕಲಿಯುತ್ತದೆ ಅಂತ ವಿಜಯಮಹಾಂತೇಶ ತಿಳಿಸಿ ಹೇಳಿದ. ಅಮಾತೆಪ್ಪ ಎರಡೂ ಪರದೆ ಕಾಯಬೇಕು, ಎರಡರಲ್ಲೂ ಅಂಕಿ ಸರಿ ಅದಾವೋ ಇಲ್ಲೋ ನೋಡಬೇಕು. ಕೆಲಸ ಎರಡಾಯಿತು, ಪಗಾರ ಒಂದೇ ಉಳಿಯಿತು. "ಕಾಕಾ, ಇದ ಪಾಸ್ ಆತಂದ್ರ ನಿಮ್ಮನ್ನ ಕಂಪನಿಯೊಳಗs ತಗೋತೀವ್ರಿ" ಅಂದಿದ್ದ ಎಂಜಿನಿಯರು. ಆ ದಿನಗಳಲ್ಲೂ ಅಮಾತೆಪ್ಪ ಪೆಟ್ಟು ಬಡಿಯುತ್ತಿದ್ದ. ಆದರೆ ಸಾಹೇಬರು ಚಹಾಕ್ಕೆ ಹೋದಾಗ, ಕದ್ದು, ಮೆಲ್ಲಗೆ. ಹೊಸ ಸಾಫ್ಟ್‌ವೇರ್ ಅವನ ಎಲ್ಲ ಕೆಲಸ ನೋಡಿ ಕಲಿಯಿತು, ಅದೊಂದನ್ನು ಬಿಟ್ಟು. ಪೈಪಿನ ಸಪ್ಪಳ ಯಾವ ಪರದೆಗೂ ಬರುವುದಿಲ್ಲ.

ಬದಲಿಸುವ ದಿನ ಬಂತು. ಇನ್ನು ಮುಂದೆ ಕರೆಂಟು ಬಂದ ಕೂಡಲೇ ಮೋಟರು ತಾನೇ ಚಾಲೂ ಆಗುತ್ತದೆ ಅಂತ ಎಲ್ಲರಿಗೂ ಸುದ್ದಿ ಕಳಿಸಿದ್ದರು. ಕಳಿಸಿದ್ದು ವಾಟ್ಸಾಪಿಗೆ, ಇಂಗ್ಲಿಷಿನಲ್ಲಿ. ಮಲೀಕಸಾಬನ ಹತ್ತಿರ ಇದ್ದದ್ದು ಬಟನ್ ಒತ್ತುವ ಹಳೇ ಫೋನು.

ಅವತ್ತು ಬೆಳಿಗ್ಗೆ ಕಂಪನಿಯವರು ಅಮಾತೆಪ್ಪನಿಗೆ ನೀಲಿ ಟೊಪ್ಪಿಗೆ, ಟೀ ಶರ್ಟು ತೊಡಿಸಿ ಹೊಳೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ವಿಡಿಯೋ ಮಾಡಬೇಕಿತ್ತು. "ನಗಿ ಕಾಕಾ, ಇನ್ನೂ ಸ್ವಲ್ಪ ನಗಿ" ಅನ್ನುತ್ತಿದ್ದ ವಿಜಯಮಹಾಂತೇಶ. ಅಮಾತೆಪ್ಪ ನಕ್ಕ. ಅವನ ಬೆನ್ನ ಹಿಂದೆ ಮೋಟರು ತಾನಾಗಿಯೇ ಗುಂಯ್ ಅಂತ ಎದ್ದಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅಮಾತೆಪ್ಪನಿಗೆ ಆಗ ಮಲೀಕಸಾಬನ ನೆನಪಾಯಿತು. ಓಡಿಹೋಗಿ ಚಾವಿ ತಗೊಂಡು ಪೈಪಿಗೆ ಬಡಿದ. ಬಡಿದೇ ಬಡಿದ. ನೀರು ತುಂಬಿ ಓಡುವ ಪೈಪು ಏನು ಕೇಳಿಸೀತು?

ತೆರೆದ ಪೆಟ್ಟಿಗೆಯೊಳಗೆ ತೋಳು ಹಾಕಿ ನಿಂತಿದ್ದ ಮಲೀಕಸಾಬನನ್ನು ನೀರು ಎತ್ತಿ ನಿಚ್ಚಣಿಕೆಗೆ ಅಪ್ಪಳಿಸಿತ್ತು. ಮೋಟರು ನಿಲ್ಲಿಸಿದ ಮೇಲೆ ಪೈಪ್‌ಲೈನಿನ ಹುಡುಗರು ಕೂಡಿ ಅವನನ್ನು ಮೇಲಕ್ಕೆ ಎತ್ತಿದರು. ಪೆಟ್ಟಿಗೆಯ ಮುಚ್ಚಳ ಹಾಕಿ ಮತ್ತೆ ಮೋಟರು ಬಿಟ್ಟರು. ಟಾಕಿ ತುಂಬಿತು. ಹಳ್ಳಿಗಳ ನಲ್ಲಿಗೆ ಹೊತ್ತಿಗೆ ಸರಿಯಾಗಿ ನೀರು ಬಂತು. ಕೊಡ ಹಿಡಿದ ಯಾವ ಹೆಂಗಸಿಗೂ ಏನೂ ಗೊತ್ತಾಗಲಿಲ್ಲ. ಕಂಪನಿಯ ವರದಿಯಲ್ಲಿ ಅವತ್ತಿನ ತಾರೀಖಿನ ಮುಂದೆ 'ಅಡಚಣೆ ಇಲ್ಲ' ಅಂತ ಬರೆದರು.

ಕೊನೆಗೂ ಅಮಾತೆಪ್ಪ ಒಂದು ಬಸ್ಸು ಹತ್ತಿದ.

ದವಾಖಾನೆಯಲ್ಲಿ ಮಲೀಕಸಾಬ ಇವನನ್ನು ಕಂಡವನೇ ಮುಖ ಅರಳಿಸಿದ. ಅದನ್ನೇ ಅಮಾತೆಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಲೇ, ನನ್ನ ಕಿವಿ ಮಂದ ಆಗ್ಯಾವಲೇ" ಅಂದ ಮಲೀಕಸಾಬ. "ನೀ ಬಡದಿರ್ತಿ. ಬಡೀದs ಬಿಡಾಂವ ಅಲ್ಲ ನೀ. ನನಗs ಕೇಳಿಲ್ಲ."

ಅಮಾತೆಪ್ಪ ಮಂಚದ ಕಾಲು ನೋಡುತ್ತ ನಿಂತ.

"ಮ್ಯಾನೇಜರ್ ಸಾಹೇಬ ಬಂದಿದ್ದ. ಫೋನಿನಾಗ ನನ್ನ ಮಾತು ಹಿಡಕೊಂಡ. ತಪ್ಪು ನಂದs ಐತಿ, ಹೇಳದs ಕೇಳದs ಗುಂಡಿಗಿ ಇಳದಿದ್ದೆ ಅಂದೆ. ಇಲ್ಲಂದ್ರ ನಿನ್ನ ಮ್ಯಾಲ ಬರ್ತಿತ್ತಲೇ. ನನ್ನ ಬಾಳೇ ಅಂತೂ ಮುಗೀತು. ನಿಂದರೆ ಉಳೀಲಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು ಕಂಡಿದ್ದೇವೆ. ಇಲ್ಲಿ ಎಮ್ಮೆ ತಾನೇ ಬಂದು ಬೆನ್ನು ಒಡ್ಡಿತ್ತು! ತಪ್ಪು ಅವನದೇ ಅಂತಾದರೆ ಕಂಪನಿ ಪರಿಹಾರ ಕೊಡಬೇಕಿಲ್ಲ, ದವಾಖಾನೆಯ ಖರ್ಚೂ ನೋಡಬೇಕಿಲ್ಲ. ಅದು ಮಲೀಕಸಾಬನಿಗೆ ತಿಳಿಯದ್ದಲ್ಲ. ತಿಳಿದೇ ಹೇಳಿದ್ದ.

ಅಮಾತೆಪ್ಪ ಹೊರಗೆ ಬಂದ. ಮಲೀಕಸಾಬನ ಮಗಳು ಗೌಸಿಯಾ ಬಾಗಿಲ ಹತ್ತಿರ ನಿಂತಿದ್ದಳು. ಇಳಕಲ್ಲಿನಲ್ಲಿ ಪವರ್‌ಲೂಮ್ ನಡೆಸುವ ಹುಡುಗಿ, ಅಪ್ಪನ ಸಲುವಾಗಿ ಕೆಲಸ ಬಿಟ್ಟು ಬಂದಿದ್ದಳು.

"ಕಾಕಾ, ಅಬ್ಬಾನ ಕಿವಿ ಮಂದ ಇಲ್ಲರಿ" ಅಂದಳು. "ಅಡಗಿಮನ್ಯಾಗ ನಾ ಪಿಸಿಪಿಸಿ ಮಾತಾಡಿದ್ರೂ ಅಂಗಳದಾಗ ಕೇಳ್ತಿತ್ತು. ಖರೆ ಹೇಳ್ರಿ. ಅವತ್ತ ನೀವು ಬಡದಿದ್ರೇನು?"

"ಬಸ್ಸಿಗೆ ತಡಾ ಆತವಾ" ಅಂದ ಅಮಾತೆಪ್ಪ. ಅಂದು, ಆ ಹುಡುಗಿಯನ್ನು ಅಲ್ಲೇ ಬಿಟ್ಟು, ಮೆಟ್ಟಿಲು ಇಳಿದು ಓಡಿದ. ಥೂ! ಅಂತ ತನ್ನ ಮೇಲೆ ತಾನೇ ಉಗುಳಿಕೊಂಡರೂ ಕಾಲು ನಿಲ್ಲಲಿಲ್ಲ.

ಮನೆಯಲ್ಲಿ ಹೆಂಡತಿ ಸಿದ್ದಲಿಂಗವ್ವ ರೊಟ್ಟಿ, ಪುಂಡಿಪಲ್ಲೆ ಇಟ್ಟಳು. ಅಮಾತೆಪ್ಪ ರೊಟ್ಟಿ ಮುರಿದು ಹಾಗೇ ಇಟ್ಟ. ಆಕೆ ಎದುರಿಗೆ ಕೂತು, ಏನು ಮುಚ್ಚಿಟ್ಟೀ ಅಂತ ಕೇಳಿದಳು. ಅಮಾತೆಪ್ಪ ಎಲ್ಲ ಹೇಳಿದ. ಕುರ್ಚಿ, ನಿಂಬೆಹಣ್ಣು, ದಮ್ಮಿನ ಮಾತು, ಗೆಳೆಯನಿಗೆ ಹೇಳಿದ ಸುಳ್ಳು, ಎಲ್ಲ.

ಸಿದ್ದಲಿಂಗವ್ವ ತಾಟು ಬದಿಗೆ ಸರಿಸಿದಳು.

"ಅವರು ನಗ್ತಾರಂತ ನಾಚಿಕಿ ಬಂತು ನಿನಗ" ಅಂದಳು. "ಆ ಹುಡಗಿ ಮುಂದಿಂದ ಓಡಿ ಬರೂ ಮುಂದ ನಾಚಿಕಿ ಬರಲಿಲ್ಲೇನು?"

"ಬಂತು."

"ಮತ್ತ? ಬರೇ ನಾಚಿಕಿ ಪಡಕೋತ ಕುಂತ್ರ ಮಲೀಕಣ್ಣ ಎದ್ದು ಅಡ್ಡಾಡತಾನೇನು?"

ಮರುದಿನ ಅಮಾತೆಪ್ಪ ವಿಜಯಮಹಾಂತೇಶನನ್ನು ಒಬ್ಬನೇ ಇದ್ದಾಗ ಹಿಡಿದು ಎಲ್ಲ ಹೇಳಿದ. ಹುಡುಗನ ಮುಖ ಬಿಳಿಚಿತು. ಕೆಟ್ಟವನಲ್ಲ ಅವನು. ಕೆಟ್ಟವರು ಇಂಥ ಕೆಲಸ ಮಾಡುವುದೇ ಇಲ್ಲ, ಅಂಜುವವರಿಂದ ಮಾಡಿಸುತ್ತಾರೆ.

"ಕಾಕಾ, ನಾಡಿದ್ದು ಈ ಕೆಲಸ ಸರಕಾರಕ್ಕ ಹಸ್ತಾಂತರ ಐತ್ರಿ. ಈಗ ಇದನ್ನ ಎತ್ತಿದ್ರ ಪೂರಾ ಪ್ರಾಜೆಕ್ಟ್ ನಿಂದ್ರತೈತಿ, ನನ್ನ ನೌಕರಿನೂ ಹೋಗತೈತಿ. ಮುಂದಿನ ಹಂತದಾಗ ನೋಡೂಣ್ರಿ."

"ಅಲ್ಲೀತನಕ ಗುಂಡಿಗಿ ಯಾರು ಇಳೀತಾರ್ರಿ?"

"ಯುನೂಸಗ ಹೇಳೀವಲ್ರಿ."

ಮಲೀಕಸಾಬನ ಬದಲಿಗೆ ಗುಂಡಿಗೆ ಇಳಿಯುತ್ತಿದ್ದ ಯುನೂಸನಿಗೆ ಹೇಳಿದ್ದಾರಂತೆ. ಏನು ಹೇಳಿದ್ದಾರೆ? ಜ್ವಾಕಿಯಿಂದ ಇರು ಅಂತ. ಅಷ್ಟೇ. ಅಮಾತೆಪ್ಪ ನೆಟ್ಟಗೆ ಗುಂಡಿಯ ಹತ್ತಿರ ಹೋದ. ಯುನೂಸ ಅಂಗಿ ಬಿಚ್ಚಿ ಅದೇ ಜಾಲಿಗಿಡಕ್ಕೆ ಹಾಕುತ್ತಿದ್ದ. ಅಮಾತೆಪ್ಪ ಅವನ ರಟ್ಟೆ ಹಿಡಿದು ಕೂಡಿಸಿ, ಮೊದಲಿನಿಂದ ಕೊನೆಯತನಕ ಹೇಳಿದ. ಪೈಪ್‌ಲೈನಿನ ಮೇಲೆ ವಾಲ್ವು ತಿರುಗಿಸುವ ಉಳಿದ ಆಳುಗಳೂ ಬಂದು ಸುತ್ತ ಕೂತರು. ರಿಜ್ವಾನ ಅನ್ನುವವನು ಎದ್ದು ಬೈದ. "ನಿಮ್ಮ ಬಾಯಾಗ ಏನ ಹುಳಾ ಬಿದ್ದಿದ್ವೇನು ಕಾಕಾ ಅವತ್ತ?" ಅಂದ. ಅಮಾತೆಪ್ಪ ಬೈಸಿಕೊಂಡ. ಬೈಸಿಕೊಂಡಷ್ಟೂ ಉಸಿರಾಟ ಸರಳವಾಗುತ್ತಿತ್ತು. ಬೈದು ಮುಗಿದ ಮೇಲೆ ಯುನೂಸ ಕೇಳಿದ: "ಸರಿ, ಈಗ ಏನ್ ಮಾಡೂಣು?"

ಹಸ್ತಾಂತರದ ದಿನ ಪಂಪ್‌ಹೌಸಿನ ಮುಂದೆ ಪೆಂಡಾಲು. ಜಿಲ್ಲೆಯಿಂದ ದೊಡ್ಡ ಅಧಿಕಾರಿಗಳು ಬಂದಿದ್ದರು. ಫೋಟೋಕ್ಕೆ ಬೇಕು ಅಂತ ಹಳ್ಳಿಗಳಿಂದ ಹೆಂಗಸರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದು, ಕೊಡ ಕೊಟ್ಟು ಸಾಲಾಗಿ ನಿಲ್ಲಿಸಿದ್ದರು. ಅಮಾತೆಪ್ಪನಿಂದ ಸುದ್ದಿ ಹೋಗಿ ಗೌಸಿಯಾಳೂ ಬಂದು ಹಿಂದೆ ನಿಂತಿದ್ದಳು. ಮ್ಯಾನೇಜರ ಮೈಕಿನಲ್ಲಿ ಹೇಳುತ್ತಿದ್ದ: "ಇಷ್ಟು ಹಳೆಯ ವ್ಯವಸ್ಥೆ ಬದಲಾಯಿಸಿದೆವು. ಒಂದೇ ಒಂದು ದಿನ ನೀರು ನಿಲ್ಲಲಿಲ್ಲ. ಈ ಕಾರ್ಯಕ್ರಮಕ್ಕೆಂದೇ ತಡೆದಿಟ್ಟ ಮೋಟರನ್ನು ಈಗ ನಮ್ಮ ಅಮಾತೆಪ್ಪನವರು ಶುರು ಮಾಡಿ ತೋರಿಸುತ್ತಾರೆ."

ಅಮಾತೆಪ್ಪ ಎದ್ದ. ತಲೆಯ ಮೇಲಿನ ನೀಲಿ ಟೊಪ್ಪಿಗೆ ತೆಗೆದು ಕುರ್ಚಿಯ ಮೇಲಿಟ್ಟ. ಪಂಪ್‌ಹೌಸಿನೊಳಗೆ ಹೋಗಿ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗೆ ಎಳೆದು, ಕರೆಂಟು ಬಂದ್ ಮಾಡಿ, ಅದಕ್ಕೆ ಮನೆಯಿಂದ ತಂದಿದ್ದ ಕೀಲಿ ಜಡಿದ. ಆಮೇಲೆ ಕಬ್ಬಿಣದ ಚಾವಿ ಹೊತ್ತು ಹೊರಗೆ ಬಂದ. ಎಲ್ಲರೂ ನೋಡುತ್ತಿರುವಾಗಲೇ ಪೈಪಿಗೆ ಬಡಿದ. ಒಂದು. ಎರಡು. ಮೂರು.

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಈ ಸಲ ಅಮಾತೆಪ್ಪ ನಗಲಿಲ್ಲ.

"ಏನ್ರೀ ಇದು?" ಅಂತ ಮ್ಯಾನೇಜರ ಮೈಕು ಬಿಟ್ಟು ಓಡಿಬಂದ.

"ತಡೀರಿ. ಉತ್ತರ ಬರಲಿ."

ಎಲ್ಲರೂ ಪೈಪಿನ ಕಡೆ ತಿರುಗಿದರು. ಪೈಪಿನೊಳಗಿಂದ, ದೂರದಿಂದ, ಒಂದೇ ಒಂದು ಪೆಟ್ಟು ಬಂತು. ಅದರ ಹಿಂದೆ ಇನ್ನೊಂದು ಬರಲಿಲ್ಲ.

"ಏನಂತ ಅದು?" ದೊಡ್ಡ ಅಧಿಕಾರಿ ಕೇಳಿದರು.

"ನಿಲ್ಲು, ನಾ ಇನ್ನೂ ಒಳಗದೀನಿ ಅಂತ್ರಿ" ಅಂದ ಅಮಾತೆಪ್ಪ. "ಯುನೂಸ ಅದಾನ್ರಿ ಗುಂಡ್ಯಾಗ. ಈಗ ಮೋಟರ್ ಬಿಟ್ರ ಸಾಯ್ತಾನ್ರಿ. ನಿಮ್ಮ ಹೊಸಾ ಮಷೀನಿಗೆ ಇದು ಕೇಳಂಗಿಲ್ಲ. ಮಲೀಕಸಾಬನ ನಡಾ ಮುರದದ್ದು ಹಿಂಗ್ರಿ. ತಪ್ಪು ಅವಂದಲ್ಲ."

"ಅವನೇ ಒಪ್ಪಿಕೊಂಡಿದ್ದಾನೆ, ವಿಡಿಯೋ ಇದೆ" ಅಂತ ಮ್ಯಾನೇಜರ ಕೂಗಿದ.

"ಅಂವ ನನ್ನ ಉಳಸಾಕ ಒಪ್ಪಿಕೊಂಡಾನ್ರಿ." ಅಮಾತೆಪ್ಪ ಗೌಸಿಯಾಳ ಕಡೆ ತಿರುಗಿದ. ಮುಖ ಎತ್ತಲಾಗಲಿಲ್ಲ. ಆದರೂ ಎತ್ತಿದ. "ಅವತ್ತ ಮೋಟರ್ ಏಳೂ ಮುಂಚೆ ನಾ ಬಡೀಲಿಲ್ಲವಾ. ಟೊಪ್ಪಿಗಿ ಹಾಕ್ಕೊಂಡು ಫೋಟೋಕ್ಕ ನಿಂತಿದ್ದೆ. ಬಡೀಬೇಕಂತ ಇವರಿಗೂ ಹೇಳಿರಲಿಲ್ಲ, ನಗ್ತಾರಂತ. ನಿಮ್ಮಪ್ಪನ ಕಿವಿ ಮಂದ ಇಲ್ಲ."

ಗೌಸಿಯಾ ಕ್ಷಮಿಸಿದೆ ಅನ್ನಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಮುಂದೆ ನಡೆದು ಬಂದು, ಪೈಪಿನ ಪಕ್ಕ ಅವನ ಎದುರಿಗೆ ನಿಂತಳು.

"ಇವತ್ತು ನೀರು ನಿಂತರೆ ಊರಿಗೆಲ್ಲ ಗೊತ್ತಾಗುತ್ತೆ ಕಣಯ್ಯಾ!" ಅಂದ ಮ್ಯಾನೇಜರ. "ಕೀಲಿ ತೆಗಿ. ನಿನ್ನ ಕೆಲಸ ಹೋಗುತ್ತೆ."

"ಗೊತ್ತಾಗಲಿ ರೀ" ಅಂದ ಅಮಾತೆಪ್ಪ.

ಸಾಲಿನಲ್ಲಿ ನಿಂತಿದ್ದ ಲಗಮವ್ವ ಅನ್ನುವ ಮುದುಕಿ ತನ್ನ ಕೈಯ ಕೊಡ ನೋಡಿದಳು. "ಅವತ್ತು ನಾವು ಕುಡದದ್ದು ಆ ನೀರೇನs ನಮ್ಮವ್ವಾ?" ಅಂದಳು. ಮುದುಕಿ ಬಗ್ಗಿ ಕೊಡ ಬೋರಲು ಹಾಕಿದಳು. "ಒಂದ ದಿನ ನೀರಿಲ್ಲಂದ್ರ ಸಾಯಂಗಿಲ್ಲ ನಾವು." ಪಕ್ಕದವಳೂ ಬೋರಲು ಹಾಕಿದಳು. ಆಮೇಲೆ ಸಾಲಿನುದ್ದಕ್ಕೂ ಕೊಡಗಳು ನೆಲಕ್ಕೆ ಬಾಯಿ ಮಾಡಿದವು.

ಮ್ಯಾನೇಜರ ಕೈ ಚಾಚಿ ಕೀಲಿಕೈ ಕೇಳಿದ. ಅಮಾತೆಪ್ಪ ಅದನ್ನು ಗೌಸಿಯಾಳ ಕೈಗೆ ಕೊಟ್ಟ. ಕೊಟ್ಟು, ಚಾವಿ ಎತ್ತಿ ಪೈಪಿಗೆ ಮತ್ತೆ ಮೂರು ಪೆಟ್ಟು ಬಡಿದ. ಆ ಕಡೆಯಿಂದ ಮತ್ತೆ ಒಂದೇ ಬಂತು.